ಏಕಚಕ್ರದ ಕಾಳಗವೂ ಮೈಸೂರಿನ ಛದಗಳೂ

1. ವಿಷಯಪ್ರವೇಶ

ಅರಸರ ವಂಶಾವಳಿ, ದಂಡಯಾತ್ರೆ, ದಾನಶಾಸನ ಇವುಗಳನ್ನು ಕುರಿತು ನಮ್ಮಲ್ಲಿ ನಡೆದಿರುವಷ್ಟು ವಿಚಾರ ಆಟಗಳನ್ನು ಕುರಿತು ನಡೆದಿಲ್ಲ. ಆಟವು ವಿರಾಮಕಾಲದ ವಿಷಯವೆಂದೂ, ಅದರಲ್ಲಿಯೂ ಎಲೆಯಾಟವು ಕಾಲಹರಣದ ವ್ಯಸನವೆಂದೂ ಭಾವಿಸಿದುದೇ ಇದಕ್ಕೆ ಕಾರಣವಾಗಿರಬಹುದು. ಆದರೆ ಬಲವೆಂದರೇನು, ಗೆಲವೆಂದರೇನು, ಯಾರು ಯಾರಿಗಿಂತ ಮೇಲು ಎಂಬ ಪ್ರಶ್ನೆಗಳಿಗೆ ಒಂದು ಕಾಲದ ಜನರು ಕೊಟ್ಟುಕೊಂಡ ಉತ್ತರವು ಅವರ ಆಟದ ನಿಯಮಗಳಲ್ಲಿ ಸ್ಫುಟವಾಗಿ ಕಾಣಬರುತ್ತದೆ. ಶಾಸನಕವಿಯು ತನ್ನ ಒಡೆಯನನ್ನು ಹೊಗಳುವಾಗ ಉತ್ಪ್ರೇಕ್ಷೆ ಮಾಡಬಲ್ಲನು. ಆಟದ ನಿಯಮವು ಉತ್ಪ್ರೇಕ್ಷೆಗೆ ಎಡೆಗೊಡುವುದಿಲ್ಲ. ರಾಜನ ಎಲೆಯು ಮಂತ್ರಿಯ ಎಲೆಯನ್ನು ಗೆಲ್ಲುವುದೆಂದು ಗೊತ್ತಾದ ಮೇಲೆ ಅದು ಗೆದ್ದೇ ತೀರಬೇಕು.

ಇಂದಿನ ತರುಣರಲ್ಲಿ ಯುದ್ಧಪ್ರಧಾನವಾದ ವಿಡಿಯೊ ಆಟಗಳ ವೀರರನ್ನು ಇಸ್ಪೀಟಿನ ಮಾದರಿಯ ಎಲೆಗಳ ಮೇಲೆ ತಂದು, ಅವರ ಸುತ್ತ ಒಂದು ಎಲೆಕಟ್ಟನ್ನು ಜೋಡಿಸಿ ಆಡುವ ಹವ್ಯಾಸವು ಬೆಳೆದಿದೆ. ಇದು ಹೊರನಾಡುಗಳಿಂದ ಬಂದ ತೀರ ಹೊಸ ವಿನೋದವೆಂದು ಸಾಮಾನ್ಯವಾಗಿ ಹೇಳುವುದುಂಟು. ಕಾಳಗದ ಕಥೆಯೊಂದನ್ನು ಎಲೆಕಟ್ಟಿನೊಳಕ್ಕೆ ಇಳಿಸುವುದು ಹೇಗೆ ಎಂಬ ಪ್ರಶ್ನೆಯಾದರೋ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಮತ್ತೆಲ್ಲಿಯೂ ಕಾಣದಷ್ಟು ವಿಸ್ತಾರದಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ. ಅವರು ರಚಿಸಿದ ಆಟಗಳಲ್ಲಿ ಒಂದಕ್ಕೆ ಪಂಚಪಾಂಡವ ಛದವೆಂದು ಹೆಸರು. ಆ ಪಾಂಡವರು ತಲೆಮರೆಸಿಕೊಂಡಿದ್ದರೆಂದು ಜನರು ನಂಬುವ ಊರೊಂದು ಅದೇ ಸಂಸ್ಥಾನದ ಪೂರ್ವಭಾಗದಲ್ಲಿದ್ದ ಕೈವಾರ. ಈ ಎರಡನ್ನೂ ಎದುರುಬದುರಾಗಿಟ್ಟು, ಕಾಳಗದ ಕಥೆಯು ಎಲೆಯಾಟವಾಗುವ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಕೈವಾರದ ಕಾಳಗ

ಚಿಂತಾಮಣಿ ತಾಲ್ಲೂಕಿಗೆ ಸೇರಿದ ಕೈವಾರವು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದು, ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರ್ಪಟ್ಟಾಗ ಅದರಲ್ಲಿ ಸೇರಿತು. ಅಮರನಾರಾಯಣಸ್ವಾಮಿಯ ದೇವಾಲಯದಿಂದಲೂ, ತಾತಯ್ಯನವರೆಂದು ಪ್ರಸಿದ್ಧರಾದ ಯೋಗಿ ನಾರೇಯಣರಿಂದಲೂ ಈ ಊರು ನಾಡಿಗೆ ಪರಿಚಿತವಾಗಿದೆ. ಇದೇ ಮಹಾಭಾರತದ ಏಕಚಕ್ರನಗರವೆಂಬುದು ಸ್ಥಳದ ಪ್ರತೀತಿ. ಭೀಮನ ಹೆಸರಿನ ಶಿವಾಲಯವೊಂದು ಇಲ್ಲಿದ್ದು, ಅಲ್ಲಿನ ಲಿಂಗವನ್ನು ಭೀಮಸೇನನೇ ಪ್ರತಿಷ್ಠಿಸಿದನೆಂದು ಹೇಳುತ್ತಾರೆ. ಬಿಹಾರದ ಆರಾ ಮತ್ತು ಬಂಗಾಳದ ಬೀರ್‌ಚಂದ್ರಪುರಗಳಿಗೂ ಇದೇ ಕೀರ್ತಿ ಸಲ್ಲುತ್ತಿರುವುದರಿಂದ, ಏಕಚಕ್ರವು ಯಾವುದೆಂಬ ವಾದಕ್ಕೆ ಇಲ್ಲಿ ಕೈಹಾಕುವ ಅಗತ್ಯವಿಲ್ಲ. ಒಂದು ಕಥೆಯನ್ನು ತಮ್ಮ ಊರಿನ ಕಥೆಯೆಂದು ಜನರು ತಲೆತಲಾಂತರದಿಂದ ಉಳಿಸಿಕೊಂಡು ಬಂದಿದ್ದಾರೆಂಬುದಷ್ಟೇ ನಮಗೆ ಮುಖ್ಯ.

ಆದಿಪರ್ವದ ಬಕವಧೆಯ ಕಥೆ ಎಲ್ಲರಿಗೂ ತಿಳಿದದ್ದು. ಆದರೂ ಅದರ ಕಟ್ಟಣೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಊರಿನವರು ಬಕನಿಗೆ ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ಒಯ್ಯುವ ಒಬ್ಬ ಮನುಷ್ಯ, ಇಷ್ಟನ್ನು ಕಾಣಿಕೆಯಾಗಿ ಸಲ್ಲಿಸಬೇಕು. ಇದು ಮನೆಮನೆಗೆ ಸರದಿಯ ಮೇಲೆ ಬರುತ್ತದೆ. ಒಂದು ಮನೆಗೆ ಸರದಿ ಮರಳಿ ಬರಲು ಅನೇಕ ವರ್ಷಗಳು ಬೇಕು. ಪಾಂಡವರು ತಂಗಿದ್ದ ಬ್ರಾಹ್ಮಣನ ಮನೆಗೆ ಸರದಿ ಬಂದ ದಿನ ಕುಂತಿಯು ಆ ಮನೆಯವರ ಬದಲಿಗೆ ತನ್ನ ಮಗನನ್ನು ಕಳುಹಿಸುತ್ತಾಳೆ. ಭೀಮನು ಬಕನ ಎದುರಿಗೇ ಬಂಡಿಯ ಅನ್ನವನ್ನು ಉಣ್ಣಲು ತೊಡಗುತ್ತಾನೆ. ಬಕನು ಬೆನ್ನಿಗೆ ಎರಡು ಕೈಗಳಿಂದಲೂ ಗುದ್ದಿದರೆ ತಿರುಗಿ ನೋಡುವುದಿಲ್ಲ. ಊಟ ಮುಗಿಸಿ, ಕೈತೊಳೆದುಕೊಂಡು, ಆಮೇಲೆ ನಿಲ್ಲುತ್ತಾನೆ. ಬಕನೆಸೆದ ಮರವನ್ನು ಎಡಗೈಯಿಂದ ಹಿಡಿಯುತ್ತಾನೆ. ಮರಗಳ ಯುದ್ಧವಾದ ಮೇಲೆ ಮಲ್ಲಯುದ್ಧ. ಕೊನೆಗೆ ಬಕನ ಬೆನ್ನಿನ ಮೇಲೆ ಮೊಳಕಾಲೂರಿ, ಒಂದು ಕೈಯಿಂದ ಕೊರಳನ್ನೂ ಇನ್ನೊಂದರಿಂದ ಸೊಂಟದ ಬಟ್ಟೆಯನ್ನೂ ಹಿಡಿದು ಮುರಿಯುತ್ತಾನೆ. ಹೆಣವನ್ನು ಊರಬಾಗಿಲಲ್ಲಿ ಬಿಟ್ಟು, ಯಾರಿಗೂ ತಿಳಿಯದಂತೆ ಹಿಂದಿರುಗುತ್ತಾನೆ.

ಇಲ್ಲಿ ವಿಚಾರಾರ್ಹವಾದ ಸಂಗತಿಗಳು ಮೂರು. ಮೊದಲನೆಯದು ಸರದಿ. ಇಬ್ಬರು ವೀರರು ಸಂಧಿಸುವುದು ಅವರ ಇಚ್ಛೆಯಿಂದಲ್ಲ, ಊರು ಏರ್ಪಡಿಸಿಕೊಂಡ ಒಂದು ಕ್ರಮದಿಂದ. ಎರಡನೆಯದು ಬಲವನ್ನು ತಡೆದಿಡುವುದು. ಎಲ್ಲರಿಗಿಂತ ಬಲಿಷ್ಠನಾದವನು ಪೆಟ್ಟು ತಿನ್ನುತ್ತಲೇ ತನ್ನ ಸಮಯಕ್ಕಾಗಿ ಕಾದಿದ್ದಾನೆ. ಮೂರನೆಯದು ಮೆಟ್ಟಿಲು. ಗುದ್ದು, ಮರ, ಮಲ್ಲಪಟ್ಟು, ಮುರಿತ ಎಂದು ಕಾಳಗವು ಒಂದರ ಮೇಲೊಂದಾಗಿ ಏರುತ್ತದೆ. ಸರದಿ, ತಡೆ, ಏರಿಕೆ ಇವು ಮೂರೂ ಎಲೆಯಾಟದ ಜೀವಾಳವೆಂಬುದನ್ನು ಆಡಿದವರೆಲ್ಲರೂ ಬಲ್ಲರು. ಆಡುವವನ ಸರದಿ ಬರಬೇಕು. ಮೇಲಿನ ಎಲೆಯನ್ನು ಅವಸರದಲ್ಲಿ ಚೆಲ್ಲಬಾರದು. ಒಂದನ್ನು ಮೀರಿದ ಇನ್ನೊಂದು ಬೀಳಬೇಕು. ಹೀಗೆ ಕೆಲವು ಯುದ್ಧಕಥೆಗಳು ತಮ್ಮೊಳಗೇ ಆಟದ ನಿಯಮಗಳನ್ನು ಅಡಗಿಸಿಕೊಂಡಿರುತ್ತವೆ. ಅವುಗಳನ್ನು ಹೊರಗೆಡಹುವುದೇ ಎಲೆಕಟ್ಟನ್ನು ರಚಿಸುವವನ ಕೆಲಸ.

3. ಹನ್ನೆರಡು ಪತಿಗಳು

ಎಲೆಯಾಟವು ಭರತಖಂಡಕ್ಕೆ ಬಂದದ್ದು ತಡವಾಗಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜಯೋಗ್ಯವಾದ ವಿನೋದಗಳನ್ನು ವಿಸ್ತಾರವಾಗಿ ವರ್ಣಿಸಿದೆ. ಮಲ್ಲವಿನೋದವೆಂಬ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಗಾತ್ರ, ಬಲಗಳಿಗೆ ಅನುಸಾರವಾಗಿ ವರ್ಗಗಳಾಗಿ ವಿಂಗಡಿಸಿದೆ. ಕಾಳಗವನ್ನು ವಿನೋದವಾಗಿ ಮಾರ್ಪಡಿಸುವುದಕ್ಕೆ ಮೊದಲು ಬೇಕಾದದ್ದು ಇಂಥ ವರ್ಗೀಕರಣವೇ. ಸಮಬಲರನ್ನು ಸಮಬಲರೊಡನೆ ನಿಲ್ಲಿಸದಿದ್ದರೆ ಅದು ಕೊಲೆಯಾಗುವುದು, ಆಟವಾಗಲಾರದು.

ಗಂಜೀಫವೆಂಬ ಎಲೆಯಾಟದ ಮಾತು ನಮ್ಮಲ್ಲಿ ಸ್ಪಷ್ಟವಾಗಿ ಕೇಳಿಬರುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಅವನು ಸಿಂಧಿನ ಷಾ ಹಸನನಿಗೆ ಗಂಜೀಫದ ಎಲೆಗಳನ್ನು ಕಳುಹಿಸಿಕೊಟ್ಟನು. ಅಕ್ಬರನ ಕಾಲದಲ್ಲಿ ಅಬುಲ್ ಫಜಲನು ತನ್ನ ಐನ್-ಇ-ಅಕ್ಬರಿಯಲ್ಲಿ ಹನ್ನೆರಡು ಬಣ್ಣಗಳ, ಬಣ್ಣಕ್ಕೆ ಹನ್ನೆರಡು ಎಲೆಗಳಂತೆ 144 ಎಲೆಗಳ ಕಟ್ಟೊಂದನ್ನು ವಿವರಿಸಿದ್ದಾನೆ. ಬಣ್ಣವೆಂದರೆ ಇಲ್ಲಿ ಒಂದೇ ಲಾಂಛನದ ಎಲೆಗಳ ಗುಂಪು. ಇಸ್ಪೀಟು, ಆಟೀನು, ಡೈಮನ್, ಕಳಾವರಗಳೆಂದು ನಾವು ಹೇಳುವ ನಾಲ್ಕರಂತೆ. ಆ ಹನ್ನೆರಡು ಬಣ್ಣಗಳ ಹೆಸರುಗಳು ಗಮನಾರ್ಹವಾಗಿವೆ: ಅಶ್ವಪತಿ, ಗಜಪತಿ, ನರಪತಿ, ಗಢಪತಿ, ಧನಪತಿ, ದಳಪತಿ, ನವಪತಿ, ಸ್ತ್ರೀಪತಿ, ಸುರಪತಿ, ಅಸುರಪತಿ, ವನಪತಿ, ಅಹಿಪತಿ. ಕುದುರೆ, ಆನೆ, ಕಾಲಾಳು, ಕೋಟೆ, ಬೊಕ್ಕಸ, ಸೈನ್ಯ, ಹಡಗು ಇವು ಒಂದೊಂದು ಬಣ್ಣದ ಬಲ. ಅವುಗಳಾಚೆಗೆ ದೇವತೆ, ರಾಕ್ಷಸ, ಮೃಗ, ಸರ್ಪಗಳ ಒಡೆಯರು.

ಗಜಪತಿಯೆಂದರೆ ಒಡಿಶಾದ ಅರಸನಂತೆ ಆನೆಗಳೇ ಬಲವಾಗಿರುವವನೆಂದೂ, ನರಪತಿಯೆಂದರೆ ವಿಜಾಪುರದ ಸುಲ್ತಾನರಂತೆ ಕಾಲಾಳುಗಳೇ ಬಲವಾಗಿರುವವನೆಂದೂ ಅಬುಲ್ ಫಜಲನು ಉದಾಹರಿಸಿದ್ದಾನೆ. ವಿಜಯನಗರದ ಅರಸರನ್ನು ನರಪತಿಗಳೆಂದೂ ಒಡಿಶಾದವರನ್ನು ಗಜಪತಿಗಳೆಂದೂ ಉತ್ತರದ ತುರುಕ ಅರಸರನ್ನು ಅಶ್ವಪತಿಗಳೆಂದೂ ಕರೆಯುತ್ತಿದ್ದ ಪರಿಪಾಠವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ದಖನ್ನಿನ ರಣರಂಗದಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ನಡೆದ ತ್ರಿಕೋನ ಹೋರಾಟವು ಇಲ್ಲಿ ಅಂಗೈಯಗಲದ ಎಲೆಗಳ ಮೇಲೆ ನಿಂತಿದೆ. ಆದುದರಿಂದ ಈ ಎಲೆಕಟ್ಟನ್ನು ಕೇವಲ ಆಟದ ಸಾಮಗ್ರಿಯೆಂದು ತಳ್ಳಿಹಾಕಲಾಗದು; ಅದು ಆ ಕಾಲದ ಸೈನಿಕಬಲದ ಒಂದು ಪಟ್ಟಿಯೂ ಹೌದು. ವಿಜಯನಗರವು ಕುಸಿದ ತರುವಾಯ ನರಪತಿಯ ಉದಾಹರಣೆ ವಿಜಾಪುರಕ್ಕೆ ಸಂದುದು ಕೂಡ, ಹೆಸರು ಉಳಿದು ಹೊತ್ತವರು ಬದಲಾದ ರೀತಿಗೆ ನಿದರ್ಶನವಾಗಿದೆ.

4. ನಿಯಮದಲ್ಲಿ ಅಡಗಿದ ಯುದ್ಧ

ಹೆಚ್ಚು ಪ್ರಚಾರಕ್ಕೆ ಬಂದದ್ದು ಎಂಟು ಬಣ್ಣಗಳ, 96 ಎಲೆಗಳ ಗಂಜೀಫ. ತಾಜ್, ಸಫೇದ್, ಶಂಶೇರ್, ಗುಲಾಮ್, ಚಂಗ್, ಸುರ್ಖ್, ಬರಾತ್, ಕಿಮಾಶ್ ಎಂಬವು ಅದರ ಬಣ್ಣಗಳು: ಕಿರೀಟ, ಬೆಳ್ಳಿಯ ನಾಣ್ಯ, ಕತ್ತಿ, ಆಳು, ವಾದ್ಯ, ಚಿನ್ನದ ನಾಣ್ಯ, ರಾಜಾಜ್ಞೆಯ ಪತ್ರ, ಸರಕು. ಒಂದೊಂದು ಬಣ್ಣದಲ್ಲಿ ರಾಜ, ಮಂತ್ರಿ ಎಂಬ ಎರಡು ಆಸ್ಥಾನದ ಎಲೆ, 1ರಿಂದ 10ರವರೆಗೆ ಹತ್ತು ಅಂಕಿಯ ಎಲೆ. ಮೂವರು ಆಡುವರು, ತಲಾ 32 ಎಲೆ. ಒಬ್ಬನು ಇಳಿಸಿದ ಬಣ್ಣವನ್ನು ಮಿಕ್ಕವರು ಅನುಸರಿಸಿ, ಹೆಚ್ಚಿನ ಎಲೆಯವನು ಆ ಸುತ್ತನ್ನು ಗೆದ್ದುಕೊಳ್ಳುವನು. ತುರುಫು ಎಂಬುದು ಇದರಲ್ಲಿಲ್ಲ. ಬಿದ್ದ ಎಲೆಗಳೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡವನೇ ಗೆಲ್ಲುವನು; ಏಕೆಂದರೆ ಮೇಲಿನ ಎಲೆಗಳು ಕಳೆದುಹೋದ ಮೇಲೆ ಕೈಯಲ್ಲಿರುವ ಸಾಧಾರಣ ಎಲೆಯೇ ಆ ಬಣ್ಣಕ್ಕೆ ಒಡೆಯನಾಗುತ್ತದೆ.

ಇಲ್ಲಿ ಎರಡು ನಿಯಮಗಳು ವಿಶೇಷವಾದವು. ಹಗಲಿನಲ್ಲಿ ಆಡಿದರೆ ಚಿನ್ನದ ನಾಣ್ಯದ ರಾಜನನ್ನು ಪಡೆದವನು ಆಟವನ್ನು ಆರಂಭಿಸಬೇಕು. ರಾತ್ರಿಯಾದರೆ ಬೆಳ್ಳಿಯ ನಾಣ್ಯದ ರಾಜನನ್ನು ಪಡೆದವನು. ಸೂರ್ಯಚಂದ್ರರ ಆಳ್ವಿಕೆಯು ಹೀಗೆ ಆಟದೊಳಗೆ ಪ್ರವೇಶಿಸಿದೆ. ಎರಡನೆಯದಾಗಿ, ನಾಲ್ಕು ಬಣ್ಣಗಳಲ್ಲಿ 10 ದೊಡ್ಡದು, 1 ಚಿಕ್ಕದು. ಮಿಕ್ಕ ನಾಲ್ಕರಲ್ಲಿ ಕ್ರಮವು ತಿರುಗಿ, 1 ದೊಡ್ಡದಾಗಿ 10 ಚಿಕ್ಕದಾಗುತ್ತದೆ. ಒಂದು ಪಕ್ಷದಲ್ಲಿ ಬಹುಸಂಖ್ಯೆಯೇ ಬಲ, ಮತ್ತೊಂದರಲ್ಲಿ ಅಲ್ಪಸಂಖ್ಯೆಯೇ ಬಲ.

ಹಿಂದೂ ಪರಿಸರದಲ್ಲಿ ಈ ಆಟವು ದಶಾವತಾರ ಗಂಜೀಫವಾಗಿ ಮಾರ್ಪಟ್ಟಿತು. ಹತ್ತು ಬಣ್ಣ, 120 ಎಲೆ. ಮೂವರಿಗೆ ತಲಾ 40. ಒಂದೊಂದು ಅವತಾರವೂ ಒಂದೊಂದು ಬಣ್ಣದ ರಾಜ. ಪರಶುರಾಮನಿಗೆ ಕೊಡಲಿಯಂತೆ ಆಯಾ ಅವತಾರದ ಆಯುಧವೋ ವಾಹನವೋ ಸಂಕೇತವೋ ಅಂಕಿಯ ಎಲೆಗಳ ಮೇಲೆ ಲಾಂಛನವಾಯಿತು. ಹಗಲಿಗೆ ರಾಮನೂ ರಾತ್ರಿಗೆ ಕೃಷ್ಣನೂ ಆರಂಭದ ಅಧಿಪತಿಗಳಾದರು. ಇಲ್ಲಿಯೂ ಅರ್ಧ ಬಣ್ಣಗಳಲ್ಲಿ ಅಂಕಿಗಳ ಕ್ರಮವು ತಿರುಗುಮುರುಗು. ಒಡಿಶಾದ ಗಂಜಪದಲ್ಲಿ ರಾಮಾಯಣದ ಪಾತ್ರಗಳುಳ್ಳ ಕಟ್ಟುಗಳೂ ಹುಟ್ಟಿಕೊಂಡವು.

ಇವುಗಳಿಂದ ಒಂದು ತತ್ತ್ವವು ವಿದಿತವಾಗುತ್ತದೆ. ಹಳೆಯ ಆಟದ ಎಲುಬುಗೂಡನ್ನು ಮುಟ್ಟದೆ ಹೊಸ ಕಥೆಯ ಉಡುಪನ್ನು ತೊಡಿಸಿದರು. ಆದರೆ ಉಡುಪು ಮೈಗೆ ಒಪ್ಪುವಂತೆ ಆರಿಸಿಕೊಂಡರು. ಸೂರ್ಯವಂಶದ ರಾಮನು ಹಗಲಿಗೂ ಚಂದ್ರವಂಶದ ಕೃಷ್ಣನು ರಾತ್ರಿಗೂ ಸಂದುದು ಆಕಸ್ಮಿಕವಲ್ಲ. ಕಥೆಯ ಸಂಗತಿಯು ನಿಯಮದ ಸಂಗತಿಯಾಯಿತು. ಆಡುವವರು ಪುರಾಣವನ್ನು ಓದದಿದ್ದರೂ ಆಟದ ಮೂಲಕ ಅದನ್ನು ನೆನೆಯುತ್ತಿದ್ದರು. ಅರಮನೆಗೆ ದರ್ಬಾರ್ ಕಲಮಿನ ದಂತದ ಎಲೆಗಳಿದ್ದಂತೆ ಸಾಮಾನ್ಯರಿಗೆ ಬಜಾರ್ ಕಲಮಿನ ಬಟ್ಟೆಯ, ಕಾಗದದ ಎಲೆಗಳಿದ್ದವು. ಸಾಮಗ್ರಿ ಬೇರೆಯಾದರೂ ಆಟ ಒಂದೇ. ಆದುದರಿಂದಲೇ ಅದು ಶತಮಾನಗಳ ಕಾಲ ಬದುಕಿತು.

5. ಮುಮ್ಮಡಿಯವರ ಛದಗಳು

1794ರಲ್ಲಿ ಜನಿಸಿ, 1799ರಲ್ಲಿ ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವು 1831ರಲ್ಲಿ ಇಂಗ್ಲಿಷರ ವಶಕ್ಕೆ ಹೋಯಿತು. 1868ರಲ್ಲಿ ಸ್ವರ್ಗಸ್ಥರಾಗುವವರೆಗೂ ಅದು ಅವರಿಗೆ ಮರಳಲಿಲ್ಲ. ಈ ದೀರ್ಘಾವಧಿಯಲ್ಲಿ ಅವರ ಆಸ್ಥಾನವು ಸಾಹಿತ್ಯ, ಸಂಗೀತ, ಚಿತ್ರಕಲೆಗಳಿಗೆ ಆಶ್ರಯವಾದುದು ಪ್ರಸಿದ್ಧವಾದ ಸಂಗತಿ. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ ಎಂಬ ಒಂಬತ್ತು ನಿಧಿಗಳ ಸಚಿತ್ರ ಮಹಾಗ್ರಂಥ. ಕೊನೆಯದಾದ ಕೌತುಕನಿಧಿಯಲ್ಲಿ ಎಲೆಯಾಟಗಳ ನಿರೂಪಣೆಯಿದೆ. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ನಡೆಸುವ ಸಮಸ್ಯೆಯಲ್ಲಿಯೂ ಒಡೆಯರಿಗೆ ಅಪಾರ ಪರಿಶ್ರಮವಿತ್ತು. ಸಂಖ್ಯೆ, ಕ್ರಮ, ವಿನ್ಯಾಸ ಇವುಗಳಲ್ಲಿ ರಮಿಸುವ ಬುದ್ಧಿ ಅವರದು.

ಆ ಎಲೆಯಾಟಗಳಿಗೆ ಛದಗಳೆಂದು ಹೆಸರು. ಛದವೆಂಬ ಸಂಸ್ಕೃತ ಶಬ್ದಕ್ಕೆ ಎಲೆಯೆಂಬ ಅರ್ಥವುಂಟು. ಕನ್ನಡದಲ್ಲಿಯೂ ನಾವು ಇಸ್ಪೀಟಿನ ಎಲೆಯೆಂದೇ ಹೇಳುತ್ತೇವೆ. ಚಾಮುಂಡೇಶ್ವರೀ, ಜಗನ್ಮೋಹನ, ನವೀನ ದಶಾವತಾರ, ನವಗ್ರಹ, ಪಂಚಪಾಂಡವ, ದೇವೀ ದಶಾವತಾರ, ದಿಕ್ಪಾಲ, ಮನೋರಂಜನೀ, ಸರ್ವಮಂಗಲಾ, ನವರತ್ನ, ಕೃಷ್ಣರಾಜ ಎಂಬ ಹೆಸರುಗಳೇ ರಚನೆಯ ವ್ಯಾಪ್ತಿಯನ್ನು ತೋರಿಸುತ್ತವೆ. ಬಣ್ಣಗಳು 18ರವರೆಗೆ ಏರಿದವು. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳಾದವು. ಅಂಕಿಯ ಎಲೆಗಳು 10ಕ್ಕೆ ನಿಲ್ಲದೆ 12ರವರೆಗೆ ನಡೆದವು. ರಾಜ, ಮಂತ್ರಿಗಳ ಜೊತೆಗೆ ಬೇರೆ ಆಸ್ಥಾನದ ಎಲೆಗಳೂ ಸೇರಿದವು. ಹಳೆಯ ಗಂಜೀಫದಲ್ಲಿಲ್ಲದಿದ್ದ ಶಾಶ್ವತ ತುರುಫೂ, ಬೇಕಾದ ಎಲೆಯ ಸ್ಥಾನದಲ್ಲಿ ನಿಲ್ಲಬಲ್ಲ ಎಲೆಯೂ ಕೆಲವು ಛದಗಳಲ್ಲಿ ಕಾಣಿಸಿಕೊಂಡವು.

ಕಾಳಗವನ್ನು ವಿನೋದವಾಗಿ ಕಾಣುವ ಪದ್ಧತಿ ಆ ಅರಮನೆಯಲ್ಲಿ ಬರಿಯ ಚಿತ್ರದ ಸಂಗತಿಯಾಗಿರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಮೈಸೂರು ದಸರೆಯಲ್ಲಿ ಜಟ್ಟಿಗಳು ಬೆರಳುಗಳಿಗೆ ಮುಳ್ಳುಳ್ಳ ವಜ್ರಮುಷ್ಟಿಯನ್ನು ಧರಿಸಿ, ತಲೆಬೋಳಿಸಿಕೊಂಡು ಕಾದುವ ವಾಡಿಕೆ ಪ್ರಸಿದ್ಧವಾದುದು. ಎದುರಾಳಿಯ ತಲೆಯಿಂದ ರಕ್ತ ಕಂಡೊಡನೆ ಕಾಳಗ ಮುಗಿಯುತ್ತದೆ. ಕಾಳಗಕ್ಕೆ ಒಂದು ಮೇರೆಯನ್ನು ಕಟ್ಟುವುದು, ಮೇರೆ ಮುಟ್ಟಿದೊಡನೆ ನಿಲ್ಲಿಸುವುದು, ಇದು ಎಲೆಯಾಟದ ತತ್ತ್ವವೂ ಹೌದು.

ಇಷ್ಟೊಂದು ಛದಗಳು ಏಕೆ ಹುಟ್ಟಿದವು? ರಸಿಕತೆಯೆಂಬ ಉತ್ತರವು ಸುಲಭವಾದುದು. ಆದರೆ ಅದು ಸಾಲದು. ಪ್ರತಿಯೊಂದು ಬಣ್ಣಕ್ಕೂ ಒಬ್ಬ ಅಧಿಪತಿ, ಅವನಿಗೆ ಪರಿವಾರ, ಅವನ ಕೆಳಗೆ ಹನ್ನೆರಡು ಮೆಟ್ಟಿಲ ಬಲ, ಇಂಥ ಹದಿನೆಂಟು ಆಸ್ಥಾನಗಳು. ಸ್ವಂತ ರಾಜ್ಯದಲ್ಲಿ ಆಜ್ಞೆ ನಡೆಯದಿದ್ದ ಅರಸರೊಬ್ಬರು ಒಪ್ಪವಾದ, ಕ್ರಮಬದ್ಧವಾದ ರಾಜ್ಯಗಳನ್ನು ಎಲೆಗಳ ಮೇಲೆ ಸ್ಥಾಪಿಸಿದರೆನ್ನಲು ಅವಕಾಶವುಂಟು. ಶ್ರೀತತ್ತ್ವನಿಧಿಯ ಮಿಕ್ಕ ಭಾಗಗಳಲ್ಲಿ ಕಾಣುವ, ಯಾವ ದೇವತೆಯೂ ಬಿಟ್ಟುಹೋಗಬಾರದೆಂಬ ಸಂಗ್ರಹಬುದ್ಧಿಯೇ ಛದಗಳಲ್ಲಿಯೂ ಪ್ರಕಟವಾಗಿದೆ. ಅವು ಆಟಗಳೂ ಹೌದು, ನಿಧಿಗಳೂ ಹೌದು.

6. ಎಲೆ ಹೆಚ್ಚಿತು, ಆಟ ಉಳಿಯಲಿಲ್ಲ

ಈ ಛದಗಳು ಅರಮನೆಯ ಹೊರಕ್ಕೆ ಹರಡಿದ ಕುರುಹು ಇಲ್ಲ. ದಶಾವತಾರ ಗಂಜೀಫವು ಮಹಾರಾಷ್ಟ್ರದ ಸಾವಂತವಾಡಿಯಲ್ಲಿಯೂ ಬಂಗಾಳದ ಬಿಷ್ಣುಪುರದಲ್ಲಿಯೂ ಊರ ಕಸುಬಾಗಿ ಬೇರೂರಿತು. ಮೈಸೂರಿನ ದೊಡ್ಡ ಛದಗಳಿಗೆ ಆ ಭಾಗ್ಯ ಬರಲಿಲ್ಲ. ಕಾರಣವನ್ನು ಎಣಿಕೆಯಿಂದಲೇ ಊಹಿಸಬಹುದು. 96 ಎಲೆಗಳ ಆಟದಲ್ಲಿಯೇ ನೆನಪಿನ ಶ್ರಮ ಬಹಳ. 360 ಎಲೆಗಳನ್ನು ಮೂವರಿಗೆ ಹಂಚಿದರೆ ತಲಾ 120 ಎಲೆ. ಹಿಡಿಯಲು ಕೈ ಸಾಲದು, ನೆನೆಯಲು ಮನಸ್ಸು ಸಾಲದು. ಇಂಥ ಕಟ್ಟನ್ನು ಬರೆಯಿಸಲು ತಗಲುವ ವೆಚ್ಚವೂ ಕಾಲವೂ ಸಾಮಾನ್ಯರಿಗೆ ನಿಲುಕುವಂಥವಲ್ಲ. ಅದೇ ಕಾಲಕ್ಕೆ ಅಚ್ಚಿನಲ್ಲಿ ಬಂದ 52 ಎಲೆಗಳ ಅಗ್ಗದ ಇಸ್ಪೀಟು ಎಲ್ಲೆಡೆಯೂ ಹಬ್ಬುತ್ತಿತ್ತು.

ಆದರೆ ಎಲೆಗಳ ಬಾಹುಳ್ಯವೇ ದೋಷವೆಂದು ತೀರ್ಮಾನಿಸುವುದು ಸರಿಯಾಗಲಾರದು. ಇದಕ್ಕೆ ನಮ್ಮ ಕಾಲದ ನಿದರ್ಶನವೊಂದಿದೆ. 1993ರಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಗಾರ್‌ಫೀಲ್ಡರು ಮ್ಯಾಜಿಕ್ ಎಂಬ ಹೆಸರಿನ ಎಲೆಯಾಟವನ್ನು ಪ್ರಕಟಿಸಿದರು. ಅದರಲ್ಲಿ ಇಂದು ಬೇರೆಬೇರೆ ಎಲೆಗಳು ಸಾವಿರಾರು ಇವೆ; ಕೊಂಡು, ಕೊಟ್ಟು, ವಿನಿಮಯ ಮಾಡಿಕೊಂಡು ಸಂಗ್ರಹಿಸುವುದೇ ಅದರ ಒಂದು ಅಂಗ. ಆದರೂ ಆಟಕ್ಕೆ ಕೂರುವವನು ಆ ರಾಶಿಯಿಂದ ಸಾಮಾನ್ಯವಾಗಿ 60 ಎಲೆಗಳನ್ನು ಆರಿಸಿ ಕಟ್ಟಿಕೊಂಡ ಸ್ವಂತದ ಕಟ್ಟನ್ನು ಮಾತ್ರ ತರುತ್ತಾನೆ. ಅಂದರೆ ಬೊಕ್ಕಸ ಬೇರೆ, ರಣರಂಗಕ್ಕೆ ತರುವ ಸೈನ್ಯ ಬೇರೆ. ಮುಮ್ಮಡಿಯವರ ಛದಗಳಲ್ಲಾದರೋ ಬೊಕ್ಕಸದಲ್ಲಿದ್ದುದೆಲ್ಲವೂ ಒಮ್ಮೆಗೇ ರಣರಂಗಕ್ಕೆ ಇಳಿಯಬೇಕಾಗಿತ್ತು.

ಮತ್ತೊಂದು ಭೇದವೂ ಉಂಟು. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆಯು 1991ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ ಎರಡನೆಯ ಆಟದ ಎಂಟು ವೀರರು 2022ರಲ್ಲಿ ಮ್ಯಾಜಿಕ್ ಆಟದ ಎಲೆಗಳಾಗಿ ಬಂದರು. ಅವರಲ್ಲಿ ದಾಲ್ಸಿಮ್ ಎಂಬವನು ಭಾರತದ ಯೋಗಿ. ಕೈಕಾಲುಗಳನ್ನು ದೂರದವರೆಗೆ ಚಾಚುವುದು ಅವನ ವಿಶೇಷ. ಎಲೆಯಲ್ಲಿ ಅದು ಬರಿಯ ಚಿತ್ರವಾಗಿ ನಿಲ್ಲದೆ, ಮೇಲೆ ಹಾರಿ ಬರುವ ವೈರಿಯನ್ನೂ ತಲುಪಿ ತಡೆಯಬಲ್ಲ ಗುಣವಾಗಿ ಪರಿಣಮಿಸಿದೆ. ಚುನ್-ಲೀ ಎಂಬ ಚೀನಾದೇಶದ ವೀರಳ ಎಡೆಬಿಡದ ಒದೆತವು, ಆಡುವವನು ಎಷ್ಟು ಸಲ ಹೆಚ್ಚಿನ ಬೆಲೆ ತೆರುವನೋ ಅಷ್ಟು ಸಲ ಫಲ ಕೊಡುವ ನಿಯಮವಾಗಿದೆ. ಹಾರಾಟದ ವೀರರನ್ನು ಮುಂದಿಟ್ಟು ಎಲೆಕಟ್ಟನ್ನು ರಚಿಸುವವನು ಅವರ ಈ ಗುಣಗಳಿಗೆ ನೆರವಾಗುವ ಬೇರೆ ಎಲೆಗಳನ್ನು ಹುಡುಕಿ ಜೊತೆಗೂಡಿಸುತ್ತಾನೆ. ಆ ಹುಡುಕಾಟದಲ್ಲಿ ಅವನು ತನಗರಿಯದಂತೆಯೇ ಪಾತ್ರದ ಸ್ವಭಾವವನ್ನು ಅಧ್ಯಯನ ಮಾಡುತ್ತಿರುತ್ತಾನೆ. ಗಂಜೀಫದಲ್ಲಿ ಎಲ್ಲ ರಾಜರೂ ಬಲದಲ್ಲಿ ಒಂದೇ. ನರಸಿಂಹನ ಎಲೆಯನ್ನು ವಾಮನನ ಎಲೆಯಿಂದ ಬೇರ್ಪಡಿಸುವುದು ಲಾಂಛನವೊಂದೇ. ಈ ಕೊರತೆಯನ್ನು ಬಣ್ಣಗಳ ತಿರುಗುಮುರುಗು ಕ್ರಮವೂ ಹಗಲಿರುಳಿನ ನಿಯಮವೂ ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿದ್ದವು. ಕಥೆಯನ್ನು ಹೊತ್ತಿದ್ದ ಈ ಸಣ್ಣ ನಿಯಮಗಳೇ ಆಟಕ್ಕೆ ಉಸಿರಾಗಿದ್ದವು.

7. ಕೈವಾರದ ಕಥೆಯಿಂದ ಒಂದು ಪರಿಶೀಲನೆ

ಮೇಲಿನ ವಿಚಾರವನ್ನು ಒಂದು ಉದಾಹರಣೆಯಿಂದ ಒರೆಹಚ್ಚಿ ನೋಡಬಹುದು. ಬಕವಧೆಯನ್ನೇ ವಸ್ತುವಾಗಿಟ್ಟುಕೊಂಡು ಗಂಜೀಫದ ಸಂಪ್ರದಾಯದಲ್ಲಿ ಎಲೆಕಟ್ಟೊಂದನ್ನು ರಚಿಸುವುದಾದರೆ ಅದು ಹೇಗಿರಬೇಕು?

ಮಲ್ಲಯುದ್ಧದ ಸಂಪ್ರದಾಯದಲ್ಲಿ ಹನುಮಂತೀ, ಜಾಂಬವಂತೀ, ಜರಾಸಂಧೀ, ಭೀಮಸೇನೀ ಎಂಬ ನಾಲ್ಕು ಪಂಗಡಗಳನ್ನು ಹೇಳುವುದುಂಟು. ಚಾತುರ್ಯ, ಬಿಗಿಪಟ್ಟು, ಅಂಗಭಂಗ, ಶುದ್ಧಬಲ ಇವು ಕ್ರಮವಾಗಿ ಅವುಗಳ ಲಕ್ಷಣ. ಇವು ನಾಲ್ಕನ್ನೇ ಬಣ್ಣಗಳಾಗಿ ಎಣಿಸಿದರೆ, ಬಣ್ಣಕ್ಕೆ ಹನ್ನೆರಡರಂತೆ 48 ಎಲೆ. ಮೂವರಿಗೆ ತಲಾ 16. ಇದು ಕೈಗೂ ನೆನಪಿಗೂ ನಿಲುಕುವ ಗಾತ್ರ. ಎರಡು ಬಣ್ಣಗಳು ಬಕನ ಪಕ್ಷವೆಂದಿಟ್ಟುಕೊಂಡರೆ, ಅವುಗಳಲ್ಲಿ ಅಂಕಿಗಳ ಕ್ರಮವು ತಿರುಗಬೇಕಾದುದು ನ್ಯಾಯ. ಬಂಡಿಯಲ್ಲಿ ಅನ್ನ ಕಡಿಮೆಯಾದಷ್ಟೂ ರಾಕ್ಷಸನ ಕೋಪ ಹೆಚ್ಚುವುದಲ್ಲವೆ? ಆದುದರಿಂದ ಅವನಿಗೆ 1 ದೊಡ್ಡದು. ಊರಿನ ಪಕ್ಷಕ್ಕೆ ಅಂಕಿಯು ಅಳತೆ. ಅಲ್ಲಿ 10 ದೊಡ್ಡದು. ಆಟದ ಆರಂಭವು ರಾಜನನ್ನು ಪಡೆದವನಿಗೆ ಸಲ್ಲದೆ ಮನೆಯ ಸರದಿಯಂತೆ ಒಬ್ಬರಿಂದ ಒಬ್ಬರಿಗೆ ಸಾಗಬೇಕು. ಭೀಮನ ಎಲೆಯನ್ನು ಪಡೆದವನು ಅದನ್ನು ಕೂಡಲೇ ಇಳಿಸುವಂತಿಲ್ಲ. ಕೆಲವು ಸುತ್ತುಗಳನ್ನು ಸೋತ ಮೇಲೆಯೇ ಅದು ಏಳಬೇಕು. ಉಣ್ಣುತ್ತಾ ಬೆನ್ನಿಗೆ ಪೆಟ್ಟು ತಿಂದ ಭೀಮನು ಇಲ್ಲಿ ಚಿತ್ರವಾಗಿಯಲ್ಲದೆ ನಿಯಮವಾಗಿ ಬರುತ್ತಾನೆ.

ಇಂಥ ಕಟ್ಟು ಹಿಂದೆ ಇತ್ತೆಂಬುದು ನಮ್ಮ ವಾದವಲ್ಲ. ಹಳೆಯ ಗಂಜೀಫದ ಅಂಗಗಳಿಂದಲೇ, ಹೊಸದಾಗಿ ಹೆಚ್ಚಿನದೇನನ್ನೂ ಕಲ್ಪಿಸದೆ, ಒಂದು ಊರಿನ ಕಥೆಯನ್ನು ಆಟವಾಗಿ ನಡೆಸಬಹುದೆಂಬುದನ್ನು ತೋರಿಸುವುದಷ್ಟೇ ಇದರ ಪ್ರಯೋಜನ. ಎಲೆಗಳ ಸಂಖ್ಯೆಯನ್ನು ಹೆಚ್ಚಿಸಿ ಪಡೆಯಲಾಗದ ಅರ್ಥವನ್ನು ಮೂರು ನಾಲ್ಕು ನಿಯಮಗಳು ತಂದುಕೊಡುತ್ತವೆ. ಕಥೆಯ ಯಾವ ಭಾಗವು ಆಟಕ್ಕೆ ಒಗ್ಗುವುದಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ. ಬ್ರಾಹ್ಮಣನ ಮನೆಯಲ್ಲಿ ತಂದೆ, ತಾಯಿ, ಮಗಳು ಒಬ್ಬರನ್ನೊಬ್ಬರು ತಡೆದು ತಾನು ಹೋಗುವೆನೆಂದು ವಾದಿಸುವ ಪ್ರಸಂಗ, ಕುಂತಿಯ ನಿರ್ಧಾರ, ಇವುಗಳನ್ನು ಯಾವ ಎಲೆಯೂ ಹೊರಲಾರದು. ಅದು ಕಾವ್ಯದ ಕ್ಷೇತ್ರ. ಪಂಪ, ಕುಮಾರವ್ಯಾಸರ ಕ್ಷೇತ್ರ.

8. ಉಪಸಂಹಾರ

ಜರ್ಮನ್ ಮೂಲದ ವಿದ್ವಾಂಸ ರುಡಾಲ್ಫ್ ಫಾನ್ ಲೇಡನ್ನರು ಭಾರತದ ಎಲೆಯಾಟಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿ, 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದ ಪ್ರದರ್ಶನದ ಮೂಲಕ ಅವುಗಳನ್ನು ಲೋಕದ ಗಮನಕ್ಕೆ ತಂದರು. ನಮ್ಮಲ್ಲಿ ಕಲಾವಿದ ಗಂಜೀಫ ರಘುಪತಿ ಭಟ್ಟರು ಮೈಸೂರು ಶೈಲಿಯ ಎಲೆಚಿತ್ರಗಳ ಪುನರುಜ್ಜೀವನಕ್ಕೆ ದುಡಿದರು. ಮೈಸೂರಿನ ಗಂಜೀಫಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಮಾನ್ಯತೆ ಬಂದಿರುವುದು ಕುಶಲಕಲೆಗೆ. ಇಂದು ಎಲೆಗಳನ್ನು ಕೊಳ್ಳುವವರು ಬಹುಮಟ್ಟಿಗೆ ಅವುಗಳಿಗೆ ಚೌಕಟ್ಟು ಹಾಕಿಸಿ ಗೋಡೆಯ ಮೇಲೆ ತೂಗುಹಾಕುತ್ತಾರೆ. ಕೈಯಿಂದ ಕೈಗೆ ಸಾಗಬೇಕಾದ ಎಲೆಯು ಗಾಜಿನ ಹಿಂದೆ ನಿಂತಾಗ ಚಿತ್ರ ಉಳಿಯುತ್ತದೆ, ಆಟ ಅಳಿಯುತ್ತದೆ.

ಚಿತ್ರವನ್ನು ನೋಡಿ ಮತ್ತೆ ಬರೆಯಬಹುದು. ನಿಯಮವಾದರೋ ಆಡುವವರ ಬಾಯಿಂದ ಬಾಯಿಗೆ ಸಾಗುವಂಥದು. ಆಡುವವರ ಒಂದು ತಲೆಮಾರು ತಪ್ಪಿದರೆ ಗ್ರಂಥವೊಂದೇ ಗತಿ. ಮೈಸೂರಿನ ಛದಗಳ ವಿಷಯದಲ್ಲಿ ನಮಗೆ ಅಂಥ ಗ್ರಂಥವಿರುವುದು ದೊಡ್ಡ ಭಾಗ್ಯ. ಶ್ರೀತತ್ತ್ವನಿಧಿಯ ಪ್ರತಿ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿದೆ. ಆ ಮಹಾಗ್ರಂಥವನ್ನು ಇದುವರೆಗೆ ಪ್ರತಿಮಾಶಾಸ್ತ್ರ ಮತ್ತು ಚಿತ್ರಕಲೆಯ ದೃಷ್ಟಿಯಿಂದ ಓದಿದವರೇ ಹೆಚ್ಚು. ಕೌತುಕನಿಧಿಯನ್ನು ನಿಯಮಗ್ರಂಥವೆಂದು ಓದಿ, ಅದರಲ್ಲಿ ಹೇಳಿದಂತೆ ಎಲೆಗಳನ್ನು ಹಂಚಿ, ಆಡಿ ನೋಡಿದರೆ, ಯಾವ ಛದವು ಆಟವಾಗಿ ನಿಲ್ಲುತ್ತದೆ, ಯಾವುದು ನಿಧಿಯಾಗಿ ಮಾತ್ರ ಉಳಿಯುತ್ತದೆ ಎಂಬುದು ಗೊತ್ತಾಗುವುದು. ಇತಿಹಾಸ, ಸಂಸ್ಕೃತ, ಗಣಿತ ಈ ಮೂರು ವಿಭಾಗಗಳ ವಿದ್ಯಾರ್ಥಿಗಳು ಒಟ್ಟಾಗಿ ಕುಳಿತು ಮಾಡಬಹುದಾದ ಕೆಲಸವಿದು.

ಕೈವಾರದವರು ಬಕನ ಕಥೆಯನ್ನು ಉಳಿಸಿಕೊಂಡದ್ದು ಅದನ್ನು ಹೇಳುತ್ತಾ ಬಂದುದರಿಂದ. ಗಂಜೀಫವು ಶತಮಾನಗಳ ಕಾಲ ಉಳಿದದ್ದು ಅದನ್ನು ಆಡುತ್ತಾ ಬಂದುದರಿಂದ. ಛದಗಳಿಗೆ ತಪ್ಪಿಹೋದದ್ದು ಈ ಆಡುವ ಜನ. ಯುದ್ಧಕಥೆಯನ್ನು ಎಲೆಕಟ್ಟಾಗಿ ಜೋಡಿಸುವ ಹವ್ಯಾಸವು ಇಂದಿನ ತರುಣರಲ್ಲಿ ತಾನಾಗಿಯೇ ಹುಟ್ಟಿರುವಾಗ, ಆ ಜನವು ನಮ್ಮ ತರಗತಿಗಳಲ್ಲಿಯೇ ಕುಳಿತಿದೆಯೆಂದು ಭಾವಿಸುವುದಕ್ಕೆ ಆಧಾರವುಂಟು.